ಊರು ಬಿಟ್ಟ ಬ್ಯಾಟು: ರಣಜಿಗೆ ಹೊಸಬರಾದ ರಸಿಕರಿಗೊಂದು ಕೈಪಿಡಿ

ಬೆಳಗಾವಿಯ ಮಹಾಂತೇಶ ನಗರದವರಿಗೆ ರಣಜಿ ಪಂದ್ಯ ನೋಡಲು ಬೆಂಗಳೂರಿನ ಬಸ್ಸು ಹಿಡಿಯುವ ತಾಪತ್ರಯವಿಲ್ಲ. ಆಟೋ ನಗರದ ಕೆಎಸ್‌ಸಿಎ ಮೈದಾನ ಪಕ್ಕದಲ್ಲೇ ಇದೆ. 2018ರ ನವೆಂಬರ್‌ನಲ್ಲಿ ಅಲ್ಲಿಗೆ ಮುಂಬೈ ತಂಡವೇ ಬಂದಿತ್ತು. ಕೆ.ವಿ. ಸಿದ್ಧಾರ್ಥ್ 161 ಹೊಡೆದರು, ಶಿವಂ ದುಬೆ ಏಳು ವಿಕೆಟ್ ಕಿತ್ತರು, ನಮ್ಮ ಬೆಳಗಾವಿಯ ಹುಡುಗ ರೋನಿತ್ ಮೋರೆ ಸ್ವಂತ ಊರಿನಲ್ಲೇ 52 ರನ್‌ಗೆ ಐದು ವಿಕೆಟ್ ಪಡೆದರು. ಕರ್ನಾಟಕ 400, ಮುಂಬೈ 205. ಕೊನೆಗೆ ಪಂದ್ಯ ಡ್ರಾ.

ಡ್ರಾ ಅಂದ ಕೂಡಲೇ ಐಪಿಎಲ್ ನೋಡಿ ಬೆಳೆದವರ ಮುಖ ಸಣ್ಣದಾಗುತ್ತದೆ. ಮೊದಲ ಪಾಠ ಅಲ್ಲೇ ಇದೆ. ಲೀಗ್ ಹಂತದಲ್ಲಿ ಗೆದ್ದರೆ ಆರು ಅಂಕ. ಇನಿಂಗ್ಸ್ ಅಂತರದಿಂದಲೋ ಹತ್ತು ವಿಕೆಟ್‌ಗಳಿಂದಲೋ ಗೆದ್ದರೆ ಮೇಲೊಂದು. ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುಂದಿದ್ದವರಿಗೆ ಮೂರು, ಹಿಂದಿದ್ದವರಿಗೆ ಒಂದು. ನಾಕೌಟ್‌ನಲ್ಲಿ ಡ್ರಾ ಆದರೆ ಆ ಮುನ್ನಡೆಯೇ ತೀರ್ಪು. ಇಷ್ಟು ತಿಳಿದರೆ, ಎರಡನೆಯ ದಿನ ಮಧ್ಯಾಹ್ನ ಒಬ್ಬ ದಾಂಡಿಗ ಎರಡು ತಾಸು ನಿಂತು ಮೂವತ್ತು ರನ್ ಮಾಡುವುದು ಬೇಸರ ತರಿಸುವುದಿಲ್ಲ.

ಇನ್ನು ಯಾರನ್ನು ನೋಡಬೇಕು? ನನ್ನ ಕೇಳಿದರೆ, ಟಿವಿಯಲ್ಲಿ ಕಂಡ ಮುಖವನ್ನು ಬಿಟ್ಟು ಹೊರರಾಜ್ಯದಿಂದ ಬಂದವನನ್ನು ಹುಡುಕಿ. ತನ್ನ ರಾಜ್ಯದ ಹನ್ನೊಂದರಲ್ಲಿ ಜಾಗ ಸಿಗದವನು, ಸಿಕ್ಕರೂ ಉಳಿಯದವನು, ಅಲ್ಲಿನ ಕ್ರಿಕೆಟ್ ಸಂಸ್ಥೆಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು ಇನ್ನೊಂದು ರಾಜ್ಯದ ಟೋಪಿ ತೊಡುತ್ತಾನೆ. ಇವರಿಗೆ ‘ಪ್ರೊಫೆಷನಲ್’ ಎನ್ನುತ್ತಾರೆ. ಒಂದು ತಂಡ ಮೂವರನ್ನು ಇಟ್ಟುಕೊಳ್ಳಬಹುದು. ಆಟಗಾರನೇ ಕೈಯಲ್ಲಿ ಆ ಕಾಗದ ಹಿಡಿದು ಹೊರಡಬೇಕು.

ಕರ್ನಾಟಕದಿಂದ ಹೀಗೆ ಹೊರಟವರು ಬಹಳ. ರಾಬಿನ್ ಉತ್ತಪ್ಪ ಸೌರಾಷ್ಟ್ರಕ್ಕೆ, ಆಮೇಲೆ ಕೇರಳಕ್ಕೆ ಹೋದರು. ಆರ್. ವಿನಯ್ ಕುಮಾರ್ ಪುದುಚೇರಿಗೆ, ಶ್ರೇಯಸ್ ಗೋಪಾಲ್ ಕೇರಳಕ್ಕೆ ಹೋದರು. ಕರುಣ್ ನಾಯರ್ ವಿದರ್ಭಕ್ಕೆ ಹೋಗಿ, 2024-25ರ ಫೈನಲ್‌ನಲ್ಲಿ ಕೇರಳದ ಮೇಲೆ 86 ಮತ್ತು 135 ಹೊಡೆದು, ಭಾರತ ತಂಡಕ್ಕೇ ಮರಳಿದ್ದು ಎಲ್ಲರಿಗೂ ಗೊತ್ತು. ಅದು ಸಿನಿಮಾಕ್ಕೆ ಸಲ್ಲುವ ಕತೆ. ಹೊಸ ರಸಿಕರು ಅದರಿಂದ ಶುರು ಮಾಡಬಾರದು, ಯಾಕೆಂದರೆ ಊರು ಬಿಟ್ಟವರಲ್ಲಿ ಹೆಚ್ಚಿನವರಿಗೆ ಆ ಕೊನೆಯ ದೃಶ್ಯ ಇರುವುದೇ ಇಲ್ಲ.

ಶುರು ಮಾಡಬೇಕಾದ್ದು ದಾವಣಗೆರೆಯ ಗಣೇಶ್ ಸತೀಶ್ ಅವರಿಂದ. ಮಧ್ಯಮ ಕ್ರಮಾಂಕದ ಬಲಗೈ ದಾಂಡಿಗ. ಭಾರತಕ್ಕೆ ಆಡಲಿಲ್ಲ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ರಣಜಿ ಫೈನಲ್. ಎದುರಿಗೆ ವಾಸಿಂ ಜಾಫರ್ ನಾಯಕತ್ವದ ಮುಂಬೈ. ಕರ್ನಾಟಕದ ಮೊದಲ ಇನಿಂಗ್ಸ್ 130ಕ್ಕೇ ಮುಗಿದಿತ್ತು, ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144, ಗಣೇಶ್ ಸತೀಶ್ 75. ಇಬ್ಬರ ನಡುವೆ 209 ರನ್ ಜೊತೆಯಾಟ. ಕರ್ನಾಟಕ 331ಕ್ಕೆ ಆಲೌಟ್. ಆರು ರನ್ ಸೋಲು. ಜನರ ಬಾಯಲ್ಲಿ ಉಳಿದದ್ದು ಪಾಂಡೆಯ ಶತಕ. ಅದು ತಪ್ಪಲ್ಲ, ಆದರೆ 209 ರನ್‌ಗಳ ಜೊತೆಯಾಟವನ್ನು ಒಬ್ಬನೇ ಆಡಲಾಗದು.

ಆಮೇಲೆ ಗಣೇಶ್ ಸತೀಶ್ ವಿದರ್ಭಕ್ಕೆ ಹೋದರು. ಕೆಲ ಕಾಲಕ್ಕೆ ಅದೇ ಜಾಫರ್ ಕೂಡ ಮುಂಬೈ ಬಿಟ್ಟು ಅಲ್ಲಿಗೇ ಬಂದರು. 2017ರ ಡಿಸೆಂಬರ್, ಈಡನ್ ಗಾರ್ಡನ್ಸ್, ರಣಜಿ ಸೆಮಿಫೈನಲ್, ಎದುರಾಳಿ ಕರ್ನಾಟಕ! ಅದರ ನಾಯಕ ವಿನಯ್ ಕುಮಾರ್, ಅವರೂ ದಾವಣಗೆರೆಯವರೇ. ವಿದರ್ಭ 185ಕ್ಕೆ ಆಲೌಟಾಗಿ 116 ರನ್ ಹಿನ್ನಡೆಯಲ್ಲಿತ್ತು. ಡ್ರಾ ಆದರೆ ಮನೆಗೆ. ಗೆಲ್ಲದೆ ಬೇರೆ ದಾರಿಯಿಲ್ಲ. ಎರಡನೆಯ ಇನಿಂಗ್ಸ್‌ನಲ್ಲಿ ಗಣೇಶ್ ಸತೀಶ್ 81 ಮಾಡಿದರು, ತಂಡ 313 ಮುಟ್ಟಿತು. 198 ಬೆನ್ನಟ್ಟಿದ ಕರ್ನಾಟಕ 192ಕ್ಕೆ ನಿಂತಿತು. ಪತ್ರಿಕೆಗಳಿಗೆಲ್ಲ ಹೀರೋ ಆದದ್ದು ಏಳು ವಿಕೆಟ್ ಪಡೆದ ರಜನೀಶ್ ಗುರ್ಬಾನಿ, ಸರಿಯೇ. ಆದರೆ ಲೆಕ್ಕ ನೋಡಿ: ಮೈಸೂರಿನಲ್ಲಿ ತನ್ನ ರಾಜ್ಯದ ಪರ ಆಡಿ ಆರು ರನ್‌ನಿಂದ ಸೋತವರು, ಕೋಲ್ಕತ್ತದಲ್ಲಿ ತನ್ನ ರಾಜ್ಯದ ವಿರುದ್ಧ ಆಡಿ ಐದು ರನ್‌ನಿಂದ ಗೆದ್ದರು. ವಿದರ್ಭ ಆ ವರ್ಷ ಇಂದೋರಿನಲ್ಲಿ ದೆಹಲಿಯನ್ನು ಸೋಲಿಸಿ ಮೊದಲ ಬಾರಿ ರಣಜಿ ಗೆದ್ದಿತು, ಮರುವರ್ಷವೂ ಗೆದ್ದಿತು. ನಡುವೆ, ರಣಜಿ ಗೆದ್ದವರು ಶೇಷ ಭಾರತ ತಂಡದ ಎದುರು ಆಡುವ ಇರಾನಿ ಕಪ್‌ನಲ್ಲಿ, 2018ರಲ್ಲಿ ಗಣೇಶ್ ಸತೀಶ್ 120 ಹೊಡೆದರೆ, ಇನ್ನೊಂದು ತುದಿಯಲ್ಲಿದ್ದ ಜಾಫರ್ 286 ಹೊಡೆದು ಅದನ್ನೂ ಮರೆಸಿದರು. 2023-24ಕ್ಕೆ ಗಣೇಶ್ ಸತೀಶ್ ತ್ರಿಪುರಾ ತಂಡದಲ್ಲಿದ್ದರು.

ಇಂಥ ಆಟಗಾರನ ಸರಾಸರಿ ನೋಡಿ ತೂಗಬೇಡಿ. ಸರಾಸರಿ ಎನ್ನುವುದು ದುರ್ಬಲ ತಂಡದ ಮೇಲೆ ಸತ್ತ ಪಿಚ್‌ನಲ್ಲಿ ಹೊಡೆದ ಇನ್ನೂರನ್ನೂ ಈಡನ್‌ನ ಆ 81ನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಸ್ಕೋರ್ ಪಟ್ಟಿ ತೆರೆದಾಗ ಮೂರು ಸಂಗತಿ ಹುಡುಕಿ: ಆತ ಕ್ರೀಸಿಗೆ ಬಂದಾಗ ಎಷ್ಟು ವಿಕೆಟ್ ಬಿದ್ದಿದ್ದವು, ತಂಡ ಎಷ್ಟು ಹಿಂದಿತ್ತು, ಆತ ಔಟಾದ ಮೇಲೆ ಉಳಿದವರು ಎಷ್ಟು ಸೇರಿಸಿದರು.

ಮೈದಾನದಲ್ಲಿ ಮಾಡಬೇಕಾದ್ದು ಬೇರೆ. ಚೆಂಡಿನ ಮೇಲಿಂದ ಕಣ್ಣು ತೆಗೆಯಿರಿ. ಡೀಪ್ ಪಾಯಿಂಟ್‌ನಲ್ಲಿ ನಿಂತ ಅನುಭವಿಯನ್ನೇ ಐದು ಓವರ್ ನೋಡಿ. ಬೌಲರ್ ಓಡಿ ಬರುವಾಗ ಆತನೂ ನಾಲ್ಕು ಹೆಜ್ಜೆ ಒಳಗೆ ನಡೆಯುತ್ತಾನೆ, ಚೆಂಡು ನೆಲಕ್ಕೆ ಬೀಳುವ ಕ್ಷಣಕ್ಕೆ ಮೊಣಕಾಲು ಮಡಿಸಿ ಸಿದ್ಧನಾಗಿರುತ್ತಾನೆ. ದಿನಕ್ಕೆ 90 ಓವರ್. ನೂರಾರು ಸಲ ಹೀಗೆ, ಹೆಚ್ಚಿನ ಸಲ ಚೆಂಡು ಅತ್ತ ಬರುವುದೇ ಇಲ್ಲ. ಹತ್ತೊಂಬತ್ತರ ಹುಡುಗ ಭುಜ ನಂಬಿ ದೂರದಿಂದ ಎಸೆಯುತ್ತಾನೆ. ಮೂವತ್ತೈದರವನು ಭುಜ ಉಳಿಸಿಕೊಳ್ಳಲು ಎರಡು ಹೆಜ್ಜೆ ಮೊದಲೇ ಹೊರಡುತ್ತಾನೆ, ಒಂದೇ ಪುಟಿತದಲ್ಲಿ ಕೀಪರ್ ಕೈಗೆ ಕೊಡುತ್ತಾನೆ. ಬ್ಯಾಟ್ ಹಿಡಿದಾಗ ಆತ ಬಿಡುವ ಎಸೆತಗಳನ್ನು ಎಣಿಸಿ. ಬಾಲಂಗೋಚಿ ಜೊತೆಗಿದ್ದಾಗ ಓವರಿನ ಐದನೆಯ ಅಥವಾ ಆರನೆಯ ಎಸೆತಕ್ಕೆ ಒಂದು ರನ್ ಹೇಗೆ ಕದಿಯುತ್ತಾನೆ ನೋಡಿ. ಜನ ಕಡಿಮೆ ಇರುವುದರಿಂದ ಆತ ‘ರುಕೋ’ ಎಂದು ಕೂಗುವುದೂ ನಿಮಗೆ ಕೇಳುತ್ತದೆ. ಐಪಿಎಲ್‌ನಲ್ಲಿ ಎಷ್ಟು ದುಡ್ಡು ಕೊಟ್ಟರೂ ಇದು ಸಿಗುವುದಿಲ್ಲ.

ದುಡ್ಡಿನ ಮಾತು ಬಂತು. 2021ರಲ್ಲಿ ಬಿಸಿಸಿಐ ದರ ಪರಿಷ್ಕರಿಸಿ, ನಲವತ್ತಕ್ಕಿಂತ ಹೆಚ್ಚು ಪಂದ್ಯ ಆಡಿದವರಿಗೆ ದಿನಕ್ಕೆ 60,000 ರೂಪಾಯಿ, 21ರಿಂದ 40 ಆಡಿದವರಿಗೆ 50,000, ಅದಕ್ಕಿಂತ ಕಡಿಮೆಯಾದರೆ 40,000 ಎಂದು ಗೊತ್ತುಮಾಡಿತು. ಹನ್ನೊಂದರಲ್ಲಿ ಇಲ್ಲದೆ ಬೆಂಚಿನಲ್ಲಿ ಕೂತವರಿಗೆ ಅರ್ಧ. ಮೂವತ್ತು ದಾಟಿದವನು ತವರಿನ ಬೆಂಚಿಗಿಂತ ತ್ರಿಪುರಾದ ಅಗರ್ತಲದ ಕ್ರೀಸು ಮೇಲು ಅಂದುಕೊಂಡರೆ ಅದನ್ನು ದುರಾಸೆ ಎನ್ನುವುದು ನನ್ನ ಮಟ್ಟಿಗೆ ಅನ್ಯಾಯ.

ಒಂದೇ ದಿನ ರಜೆ ಸಿಗುವುದಾದರೆ ಮೂರನೆಯ ದಿನ ಹೋಗಿ. ಮುನ್ನಡೆಯ ಲೆಕ್ಕ ಅಷ್ಟೊತ್ತಿಗೆ ಹೆಚ್ಚಾಗಿ ಇತ್ಯರ್ಥವಾಗಿರುತ್ತದೆ, ಪಿಚ್ ಸವೆದಿರುತ್ತದೆ, ಹಿಂದೆ ಬಿದ್ದ ತಂಡ ತನ್ನ ಹೊರಗಿನವನನ್ನೇ ನೆಚ್ಚಿಕೊಂಡಿರುತ್ತದೆ. ಬೌಲರ್‌ನ ಬೆನ್ನ ಹಿಂದಿನ ಸಾಲಿನಲ್ಲಿ ಕೂರಿ. ಪಕ್ಕದಲ್ಲಿ ಕೂತರೆ ಚೆಂಡು ಎಷ್ಟು ತಿರುಗಿತೆಂದು ಗೊತ್ತಾಗುವುದಿಲ್ಲ. ಟೋಪಿ, ನೀರು ಜೊತೆಗಿರಲಿ. ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ಗೇಟಿನಲ್ಲಿ ಬ್ಯಾಗು ತೋರಿಸಿದರೆ ಸಾಕು.