ಬರೇ ಹನ್ನೆರಡು ವೋಲ್ಟು

ಸಿನಿಮಾಗೆ ವಿಮರ್ಶೆ ಬರೆಯೋರಿದ್ದಾರೆ, ಕಾದಂಬರಿಗೂ ಇದ್ದಾರೆ. ಯೂಟ್ಯೂಬಿನ ‘ಮನೆಯಲ್ಲೇ ಮಾಡಿ’ ವಿಡಿಯೋಗಳಿಗೆ ಯಾರೂ ಬರೆಯಲ್ಲ. ಆದರೆ ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ ಕಡೆಯ ಹಳ್ಳಿ ಹುಡುಗರು ಅಕ್ಷರಕ್ಷರ ನಂಬಿ ಪಾಲಿಸೋದು ಇವನ್ನೇ. ಔಷಧಿ ಹೊಡೆಯೋ ಸ್ಪ್ರೇಯರ್‌ನ ಹಳೇ ಬ್ಯಾಟರಿ ಕಿತ್ತು, ಲ್ಯಾಪ್‌ಟಾಪಿನಿಂದ ಬಿಚ್ಚಿದ ಲಿಥಿಯಂ ಸೆಲ್ ಕೂರಿಸೋ ವಿಡಿಯೋಗಳನ್ನು ಈಚೆಗೆ ಸಾಲಾಗಿ ನೋಡಿದೆ. ಒಳ್ಳೇದನ್ನ ಮೊದಲು ಹೇಳಿಬಿಡ್ತೀನಿ: ಭಾಷೆ ನಮ್ಮದು, ಕೈ ಚುರುಕು, ಬೆಸುಗೆ ಹಾಕೋದನ್ನ ಕೆಲವರು ನಮ್ಮ ಕಾಲೇಜಿನ ಲ್ಯಾಬಿಗಿಂತ ಚೆನ್ನಾಗಿ ತೋರಿಸ್ತಾರೆ.

ಕೊರತೆ ಇರೋದು ಬೇರೆ ಕಡೆ. ಸೆಲ್ ಬಗ್ಗೆ ಐದು ನಿಮಿಷ, ಮೋಟಾರ್ ಬಗ್ಗೆ ಐದು ನಿಮಿಷ. ವೈರ್ ಬಂದಾಗ ‘ಮನೇಲಿ ಯಾವುದಿದೆಯೋ ಅದು’, ಸ್ವಿಚ್ ಬಂದಾಗ ‘ಹಳೇದಿದ್ರೆ ನಡೆಯುತ್ತೆ’ ಅನ್ನೋ ಧಾಟಿ. ಊರಲ್ಲಿ ಕೇಳಿದರೆ ಉತ್ತರ ರೆಡಿ: ‘ಬರೇ ಹನ್ನೆರಡು ವೋಲ್ಟು ಕನಣ್ಣ, ಶಾಕ್ ಹೊಡ್ಯಾಕಿಲ್ಲ ಬುಡು.’

ಶಾಕ್ ಹೊಡೆಯಲ್ಲ, ನಿಜ. ಬೆಂಕಿಗೆ ಶಾಕಿನ ಹಂಗಿಲ್ಲ. 48 ವಾಟಿನ ಕೆಲಸಕ್ಕೆ 230 ವೋಲ್ಟಿನಲ್ಲಿ 0.2 ಆಂಪಿಯರ್ ಸಾಕು. ಅದೇ ಕೆಲಸಕ್ಕೆ 12 ವೋಲ್ಟಿನಲ್ಲಿ 4 ಆಂಪಿಯರ್ ಬೇಕು, 3.7 ವೋಲ್ಟಿನ ಒಂದೇ ಸೆಲ್ಲಿನಲ್ಲಿ ಸುಮಾರು 13. ವೈರ್ ಬಿಸಿಯಾಗೋದು ಕರೆಂಟಿನ ವರ್ಗದ ಲೆಕ್ಕದಲ್ಲಿ; ಅಂದರೆ ಕರೆಂಟ್ 20 ಪಟ್ಟು ಹೆಚ್ಚಿದರೆ ಅದೇ ವೈರಿನಲ್ಲಿ ಶಾಖ 400 ಪಟ್ಟು. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ 150 ಕಿ.ಮೀ. ಹತ್ತಿರ ಕರೆಂಟ್ ಕಳಿಸಿದಾಗಲೂ ಇದೇ ಲೆಕ್ಕ: ವೋಲ್ಟೇಜ್ ಏರಿಸು, ಕರೆಂಟ್ ಇಳಿಸು, ದಾರಿಯಲ್ಲಿ ಶಾಖವಾಗಿ ಸೋರೋದನ್ನ ತಪ್ಪಿಸು. ನಮ್ಮ ಹುಡುಗರು ಮಾಡ್ತಿರೋದು ಅದರ ಉಲ್ಟಾ. ಮಾಡಲಿ, ತಪ್ಪಿಲ್ಲ, ಆದರೆ ವೈರ್ ದಪ್ಪ ಇರಬೇಕು.

ಇದರ ಅತಿರೇಕ ನೋಡಬೇಕು ಅಂದರೆ ಮನೆಯಲ್ಲೇ ಮಾಡಿದ ವೇಪ್ ಡಬ್ಬಿ ನೋಡಿ. ಇ-ಸಿಗರೇಟನ್ನ ಕರ್ನಾಟಕ 2016ರಲ್ಲೇ ನಿಷೇಧಿಸಿತು, 2019ರ ಕೇಂದ್ರ ಕಾಯ್ದೆ ತಯಾರಿಕೆಯನ್ನೂ ಸೇರಿಸಿ ದೇಶಕ್ಕೇ ಬಾಗಿಲು ಹಾಕಿತು. ಹಾಗಾಗಿ ಅದನ್ನ ಮಾಡೋದು ಹೇಗೆ ಅಂತ ಇಲ್ಲಿ ಹೇಳಲ್ಲ. ಅದರೊಳಗಿನ ಲೆಕ್ಕ ಮಾತ್ರ ಕೇಳಿ: ತುಂಬಿದ ಸೆಲ್ 4.2 ವೋಲ್ಟ್, ಕಾಯಿಲ್ 0.3 ಓಮ್ ಇದ್ದರೆ 14 ಆಂಪಿಯರ್. ಟಿಕ್ ಅನ್ನೋ ಚಿಕ್ಕ ಬಟನ್ ಸ್ವಿಚ್‌ಗಳು ಸಾಮಾನ್ಯವಾಗಿ ತಡೆಯೋದು 50 ಮಿಲಿ ಆಂಪಿಯರ್. ಬಲ್ಲವರು ಭಾರದ ಕರೆಂಟನ್ನ ಮಾಸ್‌ಫೆಟ್ ಮೇಲೆ ಹೊರಿಸಿ, ಬಟನ್ನಿಗೆ ಸನ್ನೆ ಮಾಡೋ ಕೆಲಸವಷ್ಟೇ ಕೊಡ್ತಾರೆ. ಬಲ್ಲದವರು ನೇರ ಬಟನ್ನಿನಲ್ಲೇ ಹರಿಸ್ತಾರೆ. ಬಟನ್ನಿನ ನಾಲಿಗೆ ಕರಗಿ ಅಂಟಿಕೊಂಡರೆ ಬೆರಳು ತೆಗೆದರೂ ಆಫ್ ಆಗಲ್ಲ.

ಸ್ಪ್ರೇಯರ್‌ನಲ್ಲೂ ಅಷ್ಟೇ. ಗೋಡೆಯ ಸ್ವಿಚ್ಚಿನ ಮೇಲೆ ‘6 ಆಂಪಿಯರ್, 240 ವೋಲ್ಟ್’ ಅಂತಿರೋದು ಎ.ಸಿ.ಗೆ. ಎ.ಸಿ. ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತೆ, ಕಿಡಿ ತಾನೇ ಆರುತ್ತೆ. ಡಿ.ಸಿ.ಗೆ ಆ ಬಿಡುವಿಲ್ಲ. ಮೋಟಾರ್ ಆಫ್ ಮಾಡಿದಾಗಲೆಲ್ಲ ಕಿಡಿ ಸ್ವಿಚ್ಚಿನ ತುಟಿ ಸುಡ್ತಾ ಹೋಗುತ್ತೆ. 12 ವೋಲ್ಟ್ ಡಿ.ಸಿ., 10 ಆಂಪಿಯರ್ ಅಂತ ಬರೆದಿರೋ ಸ್ವಿಚ್ ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಕೇಳಿ. ವೈರ್ 1 ಚದರ ಮಿ.ಮೀ.ನ ಹಲವು ಎಳೆಯ ತಾಮ್ರದ್ದಿರಲಿ, ಐ.ಎಸ್. 694 ಗುರುತಿರಲಿ. ಅಗ್ಗದ ಕೆಂಪು-ಕಪ್ಪು ವೈರಿನಲ್ಲಿ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಬರುತ್ತೆ; ಒಂದು ಎಳೆ ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತೆ.

ನಾನು ನೋಡಿದ ಒಂದು ವಿಡಿಯೋದಲ್ಲೂ ಫ್ಯೂಸ್ ಇರಲಿಲ್ಲ. ನನ್ನ ದೊಡ್ಡ ಆಕ್ಷೇಪ ಇದೇ. ಸ್ಪ್ರೇಯರ್ ಮೇಜಿನ ಮೇಲಿರಲ್ಲ, ಬೆನ್ನಿಗೆ ಬಿಗಿದಿರುತ್ತೆ. ಭತ್ತದ ಗದ್ದೆಯ ಕೆಸರಲ್ಲಿ, ತೊಟ್ಟಿಕ್ಕೋ ಔಷಧಿ ನೀರಿನ ಮಧ್ಯೆ ವೈರ್ ಸವೆದು ಶಾರ್ಟ್ ಆದರೆ ಲಿಥಿಯಂ ಸೆಲ್‌ಗಳು ಹತ್ತಾರು ಆಂಪಿಯರ್ ಸುರೀತಾವೆ. ಬೆಲ್ಟ್ ಬಿಚ್ಚೋದ್ರೊಳಗೆ ವೈರ್ ಕೆಂಪಗಾಗಿರುತ್ತೆ. ಸೆಲ್ಲಿನ ಪ್ಲಸ್ ತುದಿಗೆ ಅಂಟಿದಷ್ಟು ಹತ್ತಿರದಲ್ಲಿ 7.5 ಆಂಪಿಯರ್ ಬ್ಲೇಡ್ ಫ್ಯೂಸ್ ಹಾಕಿದರೆ ಮೊದಲು ಸಾಯೋದು ಅದು. ಒಂದು ಬೀಡಿ ಕಟ್ಟಿನಷ್ಟು ಖರ್ಚಿನ ಆಸುಪಾಸು, ಅಷ್ಟೇ. (ಹಳೇ ಚಾರ್ಜರನ್ನೇ ಇಟ್ಟುಕೊಳ್ಳೋದು ಇನ್ನೊಂದು ಕಥೆ. ಮೂರು ಸೆಲ್ಲಿನ ಸಾಲು 12.6 ವೋಲ್ಟಿಗೆ ನಿಲ್ಲಬೇಕು, ಲೆಡ್ ಆಸಿಡ್ ಚಾರ್ಜರ್ 14 ದಾಟುತ್ತೆ.)

ವಿಡಿಯೋಗಳೆಲ್ಲ ಮುಗಿಯೋದು ಒಂದೇ ಥರ: ಮೋಟಾರ್ ಗುಯ್ ಅನ್ನುತ್ತೆ, ನೀರು ಚಿಮ್ಮುತ್ತೆ, ‘ವರ್ಕ್ ಆಯ್ತು ನೋಡಿ ಫ್ರೆಂಡ್ಸ್’. ಅರ್ಧ ನಿಮಿಷ. ಒಂದು ಟ್ಯಾಂಕ್ ಖಾಲಿಯಾಗೋವರೆಗೆ ಓಡಿಸಿ, ಆಮೇಲೆ ವೈರನ್ನೂ ಸ್ವಿಚ್ಚನ್ನೂ ಬೆರಳಿನಲ್ಲಿ ಮುಟ್ಟಿ ತೋರಿಸೋ ವಿಡಿಯೋ ಯಾರಾದರೂ ಮಾಡಿದರೆ ಲಿಂಕ್ ಕಳಿಸಿ, ಊರಿನ ವಾಟ್ಸ್ಯಾಪ್ ಗುಂಪಿಗೆ ನಾನೇ ಹಾಕ್ತೀನಿ.