ಇಬ್ಬರು ಕೌಶಿಕರು

ಕಳೆದ ದೀಪಾವಳಿ ಕೂಟದ ಉಪನ್ಯಾಸದಲ್ಲಿ ನಾವೆಲ್ಲ ಕೇಳಿದ್ದು ಮಾರ್ಕಂಡೇಯ ಪುರಾಣದ ಪತಿವ್ರತೆಯ ಕಥೆ. ಉಪನ್ಯಾಸಕರು ಸೊಗಸಾಗಿಯೇ ಹೇಳಿದರು. ಊಟದ ಸಾಲಿನಲ್ಲೂ ಅದೇ ಮಾತು. ಆದರೆ ಮನೆಗೆ ಮರಳುವಾಗ ಕಾರಿನ ಹಿಂದಿನ ಸೀಟಿನಿಂದ ನಮ್ಮ ಮಗಳು ಕೇಳಿದ ಪ್ರಶ್ನೆಗೆ ನಮ್ಮಿಬ್ಬರಿಗೂ ಉತ್ತರ ಹೊಳೆಯಲಿಲ್ಲ: "ಅಷ್ಟು ಶಕ್ತಿ ಇದ್ದವಳು ಅವನನ್ನು ಯಾಕೆ ಬಿಟ್ಟು ಹೋಗಲಿಲ್ಲ?"

ಅಂದು ಬಾರದವರಿಗಾಗಿ ಕಥೆ ಹೀಗೆ. ಪ್ರತಿಷ್ಠಾನದ ಕೌಶಿಕನೆಂಬ ಬ್ರಾಹ್ಮಣನಿಗೆ ಕುಷ್ಠರೋಗ. ಹೆಂಡತಿ ಅವನ ಮೈ ತೊಳೆದು ಸೇವೆ ಮಾಡುತ್ತಾಳೆ; ಅವನು ಬೈಯುತ್ತಾನೆ. ವೇಶ್ಯೆಯ ಮನೆಗೆ ಕರೆದುಕೊಂಡು ಹೋಗು ಎಂದರೆ ಹೆಗಲ ಮೇಲೆ ಹೊತ್ತು ನಡೆಯುತ್ತಾಳೆ. ಕತ್ತಲಲ್ಲಿ ಅವನ ಕಾಲು ಶೂಲದ ಮೇಲಿದ್ದ ಮಾಂಡವ್ಯನಿಗೆ ತಗುಲಿ, ಸೂರ್ಯೋದಯಕ್ಕೆ ಸಾಯಬೇಕೆಂದು ಶಾಪ ಬರುತ್ತದೆ. ಹಾಗಾದರೆ ಸೂರ್ಯನೇ ಹುಟ್ಟದಿರಲಿ ಎನ್ನುತ್ತಾಳೆ ಅವಳು. ಹುಟ್ಟುವುದಿಲ್ಲ! ಕೊನೆಗೆ ಅನಸೂಯೆ ಬಂದು ಒಪ್ಪಿಸಿದ ಮೇಲೆ ಸೂರ್ಯ ಮೂಡುತ್ತಾನೆ. ಸತ್ತ ಗಂಡ ರೋಗ ಕಳೆದು ಏಳುತ್ತಾನೆ.

ಕಥೆಯಾಗಿ ಇದು ದೊಡ್ಡದೇ. ದೇವತೆಗಳೂ ಒಬ್ಬ ಬಡ ಹೆಂಗಸಿನ ಮಾತಿಗೆ ಕಾಯಬೇಕಾಯಿತಲ್ಲ. ಆದರೆ ಸೂರ್ಯನನ್ನು ತಡೆದವಳು ಗಂಡನ ಬೈಗುಳವನ್ನು ತಡೆಯಲಿಲ್ಲ. ಅವನ ಮೈ ವಾಸಿಯಾಯಿತು. ನಾಲಿಗೆ ವಾಸಿಯಾಯಿತೇ? ಉಪನ್ಯಾಸಕರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕನ್ನಡದವರಾದ ನಮಗೆ ಇನ್ನೊಬ್ಬ ಕೌಶಿಕನೂ ಗೊತ್ತು. ಹರಿಹರನ 'ಮಹಾದೇವಿಯಕ್ಕನ ರಗಳೆ'ಯಲ್ಲಿ ಅಕ್ಕನನ್ನು ಮದುವೆಯಾಗುವ ರಾಜ ಅವನು. (ಮದುವೆ ನಡೆಯಿತೇ ಇಲ್ಲವೇ ಎಂದು ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ, ಆಡಲಿ.) ತನ್ನ ಪೂಜೆಗೆ, ಶರಣರ ಸಂಗಕ್ಕೆ ಅಡ್ಡಿ ಬರಬಾರದೆಂದು ಅವಳು ಷರತ್ತು ಹಾಕುತ್ತಾಳೆ. ಮೂರು ತಪ್ಪುಗಳವರೆಗೆ ಕ್ಷಮೆ. ಮೂರೂ ಆದ ಮೇಲೆ ಅರಮನೆ ಬಿಟ್ಟು ಶ್ರೀಶೈಲದ ದಾರಿ ಹಿಡಿಯುತ್ತಾಳೆ. ಅವಳು ಲೆಕ್ಕ ಇಟ್ಟದ್ದು ಏಟುಗಳನ್ನಲ್ಲ, ತಪ್ಪಿದ ಮಾತುಗಳನ್ನು.

ಅಕ್ಕನದು ಭಕ್ತಿಯ ದಾರಿ, ಶಾಸ್ತ್ರದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ಕೆಲವರು ಹೇಳಬಹುದು. ಅಂದು ಉಪನ್ಯಾಸಕರೂ "ನಮ್ಮ ಧರ್ಮದಲ್ಲಿ ಬಿಡುವುದು ಎಂಬುದೇ ಇಲ್ಲ" ಎಂದರು. ಇದು ಪೂರ್ತಿ ನಿಜವಲ್ಲ. ಗುಣವಿಲ್ಲದ ಗಂಡನನ್ನೂ ದೇವರಂತೆ ಕಾಣಬೇಕೆಂದು ಮನುಸ್ಮೃತಿ ಹೇಳುವುದು ಹೌದು. ಅದೇ ಮನು ಕಟು ಮಾತಿನ ಹೆಂಡತಿಯ ಮೇಲೆ ಕೂಡಲೇ ಇನ್ನೊಬ್ಬಳನ್ನು ತರಲು ಬಿಡುತ್ತಾನೆ. ಆದರೆ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಹಸ್ತಪ್ರತಿ ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ, ಪ್ರಾಣಕ್ಕೆ ಅಪಾಯ ತರುವ ಗಂಡನನ್ನು ತ್ಯಜಿಸಬಹುದು ಎಂದಿದೆ. ಪರಸ್ಪರ ದ್ವೇಷವಿದ್ದರೆ ಬಿಡುಗಡೆಯೂ ಉಂಟು, ಆದರೆ ಬ್ರಾಹ್ಮ ಮೊದಲಾದ ಧರ್ಮವಿವಾಹಗಳಿಗೆ ಆ ಬಿಡುಗಡೆ ಇಲ್ಲ. ಕೌಟಿಲ್ಯನನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ: ಹೆಂಡತಿಗೆ ವಿನಯ ಕಲಿಸಲು ಬೆನ್ನಿನ ಮೇಲೆ ಮೂರು ಏಟು ಹಾಕಬಹುದೆಂದು ಅವನೇ ಬರೆದಿದ್ದಾನೆ, ಮೀರಿದರೆ ದಂಡ. ಭಾರತದ ಹಿಂದೂ ವಿವಾಹ ಕಾಯಿದೆ ಬಂದದ್ದು 1955ರಲ್ಲಿ. ಅದರಲ್ಲಿ ಕ್ರೌರ್ಯ ವಿಚ್ಛೇದನಕ್ಕೇ ಕಾರಣವಾದದ್ದು 1976ರ ತಿದ್ದುಪಡಿಯಿಂದ. ಅಲ್ಲಿಯವರೆಗೆ ಅದು ಬೇರೆ ಇರಲು ಮಾತ್ರ ಕಾರಣವಾಗಿತ್ತು.

ಇದನ್ನೆಲ್ಲ ಬರೆಯಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಊರಿನಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು ನಮ್ಮ ಅಡುಗೆಮನೆಯಲ್ಲಿ ಕುಳಿತು ತೋಳಿನ ಕಲೆ ತೋರಿಸಿದಳು. ವೀಸಾ ಗಂಡನದು, ಬ್ಯಾಂಕ್ ಖಾತೆ ಗಂಡನದು, ಕಾರು ಓಡಿಸಲು ಬರುವುದಿಲ್ಲ. ನಾವು ಕಾಫಿ ಕೊಟ್ಟು "ಸ್ವಲ್ಪ ಹೊಂದಿಕೊಂಡು ಹೋಗಮ್ಮ, ಎಲ್ಲ ಸರಿಹೋಗುತ್ತೆ" ಎಂದೆವು. ನಾವೇ ಕಾರಿನಲ್ಲಿ ಮನೆಗೆ ಬಿಟ್ಟೂ ಬಂದೆವು. ಇಂಥ ಹೆಣ್ಣುಮಕ್ಕಳಿಗಾಗಿಯೇ ನ್ಯೂಜೆರ್ಸಿಯಲ್ಲಿ 1985ರಲ್ಲಿ 'ಮಾನವಿ' ಎಂಬ ಸಂಸ್ಥೆ ಹುಟ್ಟಿದ್ದು ಆಗ ನಮಗೆ ತಿಳಿದಿರಲಿಲ್ಲ. ತಿಳಿದಿದ್ದದ್ದು ಮೊದಲನೆಯ ಕೌಶಿಕನ ಕಥೆ ಮಾತ್ರ.

ಯುಗಾದಿಯ ಕಾರ್ಯಕ್ರಮ ಏರ್ಪಡಿಸುತ್ತಿರುವವರು ಹರಿಹರನ ರಗಳೆಯನ್ನೂ ಓದಿಸಲಿ ಎಂದು ಕೇಳಿಕೊಳ್ಳುತ್ತೇವೆ. ನಮ್ಮಲ್ಲಿ ಒಂದು ಪ್ರತಿ ಇದೆ, ಹೊದಿಕೆ ಹರಿದಿದೆ. ಬೇಕಾದವರು ಒಯ್ದು ಜೆರಾಕ್ಸ್ ಮಾಡಿಕೊಂಡು ಹಿಂತಿರುಗಿಸಿ. ಮಗಳೂ ಓದಲು ಕೇಳಿದ್ದಾಳೆ.