ಅಂಕಿತವೂ ಆತ್ಮಪ್ರಚಾರವೂ

ಗ್ರಂಥವೊಂದು ಅಚ್ಚಿನಮನೆಯಿಂದ ಹೊರಬೀಳುವ ಮೊದಲೇ ಅದರ ಮುಖಪುಟ, ಬೆನ್ನುಡಿ, ಲೇಖಕನ ಭಾವಚಿತ್ರಗಳು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಮೆರೆಯುವುದು ಇಂದಿನ ವಾಡಿಕೆ. ಬರೆದವನೇ ತನ್ನ ಬರಹದ ಮಾರಾಟಗಾರನೂ ಆಗಬೇಕೆಂಬ ಈ ಒತ್ತಾಯವನ್ನು ವಚನಸಾಹಿತ್ಯದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವೆನಿಸುತ್ತದೆ.

ಆತ್ಮಪ್ರಶಂಸೆ ಕನ್ನಡಕ್ಕೆ ಹೊಸತಲ್ಲ. ಹತ್ತನೆಯ ಶತಮಾನದ ಪೊನ್ನ, ರನ್ನರು ತಮ್ಮ ಹಿರಿಮೆಯನ್ನು ತಾವೇ ಸಾರಿಕೊಂಡವರು. ಆದರೆ ಆ ಹೊಗಳಿಕೆ ಕಾವ್ಯದ ಒಳಗೇ ಇದ್ದು, ಕಾವ್ಯದಿಂದಲೇ ಪರೀಕ್ಷೆಗೆ ಒಳಗಾಗುತ್ತಿತ್ತು. ಇಂದಿನ ಪ್ರಚಾರವಾದರೋ ಕೃತಿಯ ಹೊರಗೆ ನಡೆಯುವಂಥದು. 2009ರಲ್ಲಿ ಫೇಸ್‌ಬುಕ್ಕಿಗೆ ಸೇರಿದ ಮೆಚ್ಚುಗೆಯ ಗುಂಡಿಯನ್ನು ಒತ್ತಲು ಕೃತಿಯನ್ನು ಓದಿರಬೇಕೆಂಬ ನಿಯಮವಿಲ್ಲ.

ಶರಣರ ಮಾರ್ಗ ಬೇರೆ. ಬಸವಣ್ಣನವರು ಕೂಡಲಸಂಗಮದೇವನಿಗೆ, ಅಲ್ಲಮಪ್ರಭುಗಳು ಗುಹೇಶ್ವರನಿಗೆ, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನಿಗೆ ತಮ್ಮ ನುಡಿಯನ್ನು ಒಪ್ಪಿಸಿದರು. ಇದು ಹೆಸರನ್ನು ಮರೆಸುವ ಉಪಾಯವಲ್ಲ. ಅಂಕಿತದಿಂದಲೇ ನಾವು ವಚನಕಾರರನ್ನು ಗುರುತಿಸುತ್ತೇವೆ. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೂ ಕಾಯಕವನ್ನೂ ಅಂಕಿತವಾಗಿಸಿಕೊಂಡನು. ಆತನ ವಚನಗಳ ನಿಷ್ಠುರತೆಯನ್ನು ಬಲ್ಲವರಾರೂ ಅದನ್ನು ಜಾಹೀರಾತೆನ್ನಲಾರರು. ಅದು ಆಡಿದ ಮಾತಿಗೆ ತಾನೇ ಹೊಣೆಯೆಂಬ ಮುದ್ರೆ. ಆದುದರಿಂದ ಪ್ರಶ್ನೆಯಿರುವುದು ಹೆಸರಿನಲ್ಲಲ್ಲ, ಆ ಹೆಸರು ಯಾವುದಕ್ಕೆ ಉತ್ತರವಾದಿಯಾಗಿದೆ ಎಂಬುದರಲ್ಲಿ.

ಹಾಗೆಂದು ಪ್ರಚಾರವೆಲ್ಲವೂ ಹೇಯವೆನ್ನುವುದು ಸರಿಯಲ್ಲ. ವಚನಗಳು ಇಂದು ನಮ್ಮ ಕೈಸೇರಿರುವುದಕ್ಕೆ ಫ. ಗು. ಹಳಕಟ್ಟಿಯವರ ಪರಿಶ್ರಮವೂ ಮುಖ್ಯ ಕಾರಣ. ಅವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು; ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಇದೂ ಪ್ರಸಾರಕಾರ್ಯವೇ. ಆದರೆ ಅಲ್ಲಿ ಬೆಳಗಿದ್ದು ಶರಣರ ನುಡಿ. ಪ್ರಸಾರಕರು ಹಿಂದೆ ನಿಂತರು.

ಇಂದಿನ ಲೇಖಕನ ಕಷ್ಟವನ್ನೂ ಅರಿಯಬೇಕು. ಪುಸ್ತಕದಂಗಡಿಯಿಲ್ಲದ ಊರುಗಳಲ್ಲಿ ಕುಳಿತು ಬರೆಯುವವರಿಗೆ, ಪರಿಚಯದ ಬಲವಿಲ್ಲದ ಹೊಸಬರಿಗೆ ಜಾಲತಾಣವೇ ಅಂಗಡಿ, ಅದೇ ಸಭೆ. ಅವರು ತಮ್ಮ ಪುಸ್ತಕ ಬಂದಿದೆಯೆಂದು ತಿಳಿಸಿದರೆ ತಪ್ಪೇನೂ ಇಲ್ಲ. ಅಪಾಯವಿರುವುದು ಮುಂದಿನ ಹೆಜ್ಜೆಯಲ್ಲಿ: ನಿನ್ನೆ ಹೆಚ್ಚು ಮೆಚ್ಚುಗೆ ಗಳಿಸಿದ ಸಾಲನ್ನೇ ಇಂದು ಮತ್ತೆ ಬರೆಯುವ, ಮೆಚ್ಚುಗೆ ಬಾರದ ಸತ್ಯವನ್ನು ನುಂಗಿಕೊಳ್ಳುವ ಪ್ರಲೋಭನೆಯಲ್ಲಿ. ಆಗ ಎಣಿಕೆಯೇ ಕೃತಿಯ ಕರ್ತೃವಾಗುತ್ತದೆ.

‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಹೊಗಳಿ ಬರಮಾಡಿಕೊಳ್ಳುವುದಿಲ್ಲ, ಪ್ರಶ್ನಿಸುತ್ತಾರೆ. ಆಕೆಯ ನಿಲುವು ನಮಗೆ ತಿಳಿಯುವುದು ಆ ಪ್ರಶ್ನೆಗಳಿಂದಲೇ. ಇಂದಿನ ಬರಹಗಾರನಿಗೂ ಸಾವಿರ ಮೆಚ್ಚುಗೆಗಿಂತ ಓದಿ ಕೇಳುವ ಒಬ್ಬ ಪ್ರಶ್ನಕನು ಬೇಕು. ಅಂಥ ಓದುಗರಾಗುವ ಹೊಣೆ ನಮ್ಮ ಮೇಲಿದೆ. ಅದನ್ನು ಮರೆತು ಲೇಖಕನೊಬ್ಬನನ್ನೇ ದೂರುವುದು ನ್ಯಾಯವಾಗಲಾರದು.